ನೆಲವೇ ಪಾಠೋಪಕರಣ: ಆಮ್ಲಗಳ ಘಟಕಕ್ಕೆ ಕಲ್ಲು, ಟೈಲ್ ಮತ್ತು ಸಂದಿನ ಪಾಠ

ಹತ್ತನೆಯ ತರಗತಿಯ ‘ಆಮ್ಲಗಳು, ಪ್ರತ್ಯಾಮ್ಲಗಳು ಮತ್ತು ಲವಣಗಳು’ ಘಟಕವನ್ನು ಬೋಧನಾಭ್ಯಾಸಕ್ಕೆ ಆರಿಸಿಕೊಳ್ಳುವ ಪ್ರಶಿಕ್ಷಣಾರ್ಥಿಗಳು ಪ್ರತಿ ವರ್ಷವೂ ಇದ್ದೇ ಇರುತ್ತಾರೆ. ಪ್ರಯೋಗ ಸುಲಭ, ಫಲಿತಾಂಶ ಖಚಿತ. ಪ್ರನಾಳದಲ್ಲಿ ಅಮೃತಶಿಲೆಯ ಚೂರು, ಅದರ ಮೇಲೆ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲ, ಗುಳ್ಳೆಗಳು, ಹಾಲಿನ ಬಣ್ಣಕ್ಕೆ ತಿರುಗುವ ಸುಣ್ಣದ ತಿಳಿನೀರು, ಕಪ್ಪುಹಲಗೆಯ ಮೇಲೆ ಸಮೀಕರಣ. ವೀಕ್ಷಣಾ ಪುಸ್ತಕದಲ್ಲಿ ‘ಉತ್ತಮ’ ಎಂದು ಬರೆಯಲು ಇಷ್ಟು ಸಾಕಾಗುತ್ತದೆ. ಆದರೆ ಕಲಬುರಗಿ, ಯಾದಗಿರಿ ಕಡೆಯ ಶಾಲೆಯಲ್ಲಿ ಆ ಪಾಠ ನಡೆಯುತ್ತಿದ್ದರೆ, ಅಮೃತಶಿಲೆಯ ಚೂರಿನಲ್ಲಿರುವ ವಸ್ತುವಿನ ಮೇಲೆಯೇ ನಲವತ್ತು ಮಕ್ಕಳು ಕುಳಿತಿರುತ್ತಾರೆ. ಶಹಾಬಾದ್ ಕಲ್ಲು ಸುಣ್ಣದಕಲ್ಲು. ಅದರ ಬಹುಪಾಲು ಕ್ಯಾಲ್ಸಿಯಂ ಕಾರ್ಬೋನೇಟ್. ನಮ್ಮ ಮಕ್ಕಳು ಇದನ್ನು ಫರಸಿ ಎಂದು ಕರೆಯುತ್ತಾರೆ. ಪ್ರನಾಳದೊಳಗೆ ಕಂಡದ್ದು ಕಾಲಡಿಯ ಫರಸಿಗೂ ಆಗುತ್ತದೆಂದು ಪಾಠದಲ್ಲಿ ಯಾರೂ ಹೇಳುವುದಿಲ್ಲ. ಮರುದಿನ ಅದೇ ಶಾಲೆಯ ವರಾಂಡದ ಕಲೆ ತೆಗೆಯಲು ಆಸಿಡ್ ಸುರಿಯಲಾಗುತ್ತದೆ.

ಈ ಲೇಖನದಲ್ಲಿ ಅದೇ ಘಟಕಕ್ಕೆ ಎರಡು ಅವಧಿಗಳ ಪಾಠವೊಂದನ್ನು ವಿವರಿಸಿದ್ದೇನೆ. ವಿಷಯ: ನೆಲ, ಗೋಡೆಗಳ ಕಲ್ಲು ಮತ್ತು ಟೈಲ್, ಅವುಗಳ ನಡುವಿನ ಸಂದು, ಇವುಗಳ ಶುಚಿ ಮತ್ತು ರಕ್ಷಣೆ. ಪಾಠದ ಕೇಂದ್ರದಲ್ಲಿ ಇರುವುದು ಎರಡೇ ಪ್ರಶ್ನೆಗಳು. ಕಲೆ ಯಾವ ವಸ್ತು? ಅದರ ಕೆಳಗಿನ ಮೈ ಯಾವ ವಸ್ತು? ಎರಡಕ್ಕೂ ಉತ್ತರ ಸಿಗುವವರೆಗೆ ಬಾಟಲಿಯ ಮುಚ್ಚಳ ತೆರೆಯಬಾರದು.

ಉದ್ದೇಶವನ್ನು ಬರೆಯುವ ಬಗೆ

ಪಾಠ ಯೋಜನೆಗಳಲ್ಲಿ ‘ವಿದ್ಯಾರ್ಥಿಗಳು ಆಮ್ಲ ಮತ್ತು ಕಾರ್ಬೋನೇಟ್‌ಗಳ ವರ್ತನೆಯನ್ನು ತಿಳಿದುಕೊಳ್ಳುವರು’ ಎಂಬ ಸಾಲು ಸಾಮಾನ್ಯ. ತಿಳಿದುಕೊಂಡರೋ ಇಲ್ಲವೋ ಎಂದು ನೋಡಲು ಆ ಸಾಲಿನಿಂದ ಸಾಧ್ಯವಿಲ್ಲ. ಇದರ ಬದಲು ಹೀಗೆ ಬರೆಯಬಹುದು: ‘ಗುರುತಿಲ್ಲದ ನೆಲಗಲ್ಲಿನ ತುಂಡೊಂದನ್ನು ಕೊಟ್ಟಾಗ, ಅದಕ್ಕೆ ಆಮ್ಲ ತಾಗಬಹುದೇ ಎಂಬುದನ್ನು ವಿದ್ಯಾರ್ಥಿ ಒಂದು ಹನಿಯಿಂದ ಪರೀಕ್ಷಿಸಿ, ಕಾರಣ ಸಹಿತ ಹೇಳುವನು/ಳು.’ ಎರಡನೆಯ ಉದ್ದೇಶ ಇನ್ನೂ ಮುಖ್ಯ: ‘ಯಾವ ಎರಡು ಶುಚಿಕಾರಕಗಳನ್ನು ಎಂದಿಗೂ ಕೂಡಿಸಬಾರದು ಎಂಬುದನ್ನು ಮನೆಯವರಿಗೆ ವಿವರಿಸಬಲ್ಲನು/ಳು.’

ಸಾಮಗ್ರಿ

ಹಣ ಖರ್ಚು ಮಾಡಬೇಕಾಗಿಲ್ಲ. ಮನೆ ಕಟ್ಟುವ ಜಾಗದಲ್ಲಿ, ಟೈಲ್ ಅಂಗಡಿಯ ಹಿಂಬದಿಯಲ್ಲಿ ಒಡೆದ ಚೂರುಗಳು ಬೇಕಾದಷ್ಟು ಸಿಗುತ್ತವೆ. ಶಹಾಬಾದ್ ಕಲ್ಲು, ಅಡುಗೆಮನೆಯ ಕಟ್ಟೆಗೆ ಹಾಕುವ ಕಪ್ಪು ಕಡಪ ಕಲ್ಲು, ಗ್ರಾನೈಟ್ (ಇಳಕಲ್ಲಿನ ಕೆಂಪು ಸಿಕ್ಕರೆ ಒಳ್ಳೆಯದು, ಮಕ್ಕಳಿಗೆ ಊರಿನ ಹೆಸರು ಗೊತ್ತಿರುತ್ತದೆ), ಗೋಡೆಗೆ ಹಚ್ಚುವ ಹೊಳಪಿನ ಟೈಲ್, ನೆಲಕ್ಕೆ ಹಾಕುವ ವಿಟ್ರಿಫೈಡ್ ಟೈಲ್. ಜೊತೆಗೆ ನಿಂಬೆಹಣ್ಣು, ವಿನೆಗರ್, ಅಡುಗೆ ಸೋಡಾ, ಅರಿಶಿನ, ಮೇಣದಬತ್ತಿ, ಡ್ರಾಪರ್, ಬಾಟಲಿ ಮುಚ್ಚಳಗಳು. ಟೈಲ್ ಸಂದಿಗೆ ತುಂಬುವ ಸಿಮೆಂಟಿನ ಗ್ರೌಟ್ ಪುಡಿಯನ್ನು ಕಲಸಿ ನಾಲ್ಕು ಮುಚ್ಚಳಗಳಲ್ಲಿ ತುಂಬಿ ವಾರ ಮೊದಲೇ ಗಟ್ಟಿಯಾಗಲು ಬಿಡಬೇಕು. ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲ ಶಿಕ್ಷಕರ ಮೇಜಿನ ಮೇಲೆ ಮಾತ್ರ ಇರಲಿ. ಅದನ್ನು ಸಾರರಿಕ್ತ ಮಾಡುವಾಗ ನೀರಿಗೆ ಆಮ್ಲ ಸೇರಿಸಬೇಕು, ಆಮ್ಲಕ್ಕೆ ನೀರಲ್ಲ. ಮಕ್ಕಳ ಕೈಗೆ ನಿಂಬೆರಸ ಸಾಕು.

ಚೂರುಗಳನ್ನು ಹಿಂದಿನ ದಿನ ಬ್ರಷ್‌ನಿಂದ ತೊಳೆದು ಒಣಗಿಸಿಡಿ. ಅಂಗಡಿಯಿಂದ ತಂದ ಗ್ರಾನೈಟ್ ತುಂಡಿಗೆ ಸಿಮೆಂಟಿನ ಅಥವಾ ಸುಣ್ಣದಕಲ್ಲಿನ ದೂಳು ಅಂಟಿದ್ದರೆ ಅದರ ಮೇಲೂ ಒಂದೆರಡು ಗುಳ್ಳೆ ಕಾಣಿಸುತ್ತದೆ. ಆಗ ‘ಗ್ರಾನೈಟ್‌ಗೂ ಆಮ್ಲ ತಾಗುತ್ತದೆ’ ಎಂದು ಮಕ್ಕಳು ಬರೆದುಕೊಳ್ಳುತ್ತಾರೆ. ಅವರು ಕಂಡದ್ದನ್ನೇ ಬರೆದಿರುತ್ತಾರೆ, ತಪ್ಪು ನಮ್ಮ ಸಿದ್ಧತೆಯದ್ದು. ಹಾಗೆಯೇ ಪಾಲಿಶ್ ಮಾಡಿದ ಮುಖದ ಮೇಲೆ ಮೇಣ ಇರಬಹುದು; ಪರೀಕ್ಷೆಗೆ ಒಡೆದ ಅಂಚನ್ನೇ ಬಳಸಿ.

ಮೊದಲ ಅವಧಿ: ಹನಿಯ ಪರೀಕ್ಷೆ

ಶಿಕ್ಷಕರು ಕೇಳುವ ಮೊದಲ ಪ್ರಶ್ನೆ ಸರಳವಾಗಿರಲಿ: ‘ನಿಮ್ಮ ಮನೆಯ ಬಚ್ಚಲ ನೆಲದ ಮೇಲೆ ಬಿಳಿ ಪೊರೆ ಕಟ್ಟಿದರೆ ಏನು ಮಾಡ್ತೀರಿ?’ ಉತ್ತರ ಎಲ್ಲ ತರಗತಿಗಳಲ್ಲೂ ಒಂದೇ. ಆಸಿಡ್ ಹಾಕಿ ತಿಕ್ಕುತ್ತೇವೆ. ಈ ಉತ್ತರವನ್ನು ತಪ್ಪೆಂದು ಹೇಳಬೇಡಿ, ಹಲಗೆಯ ಒಂದು ಮೂಲೆಯಲ್ಲಿ ಬರೆದಿಡಿ. ಎರಡನೆಯ ಅವಧಿಯ ಹೊತ್ತಿಗೆ ಮಕ್ಕಳೇ ಅದನ್ನು ತಿದ್ದುತ್ತಾರೆ.

ನಾಲ್ಕೈದು ಮಕ್ಕಳ ಗುಂಪುಗಳಿಗೆ ಐದು ಚೂರುಗಳನ್ನು ಕೊಡಿ. ಮೊಳೆಯಿಂದ ಪ್ರತಿ ತುಂಡಿನ ಅಂಚನ್ನು ಕೆರೆದು, ಕೆರೆದ ಜಾಗಕ್ಕೆ ನಿಂಬೆರಸದ ಒಂದು ಹನಿ ಬಿಡಲಿ. ಫರಸಿಯ ಮೇಲೆ ಸಣ್ಣ ಗುಳ್ಳೆಗಳು ಏಳುತ್ತವೆ. ‘ಬುರುಗು ಬಂತ್ರೀ ಸರ್’ ಎಂದು ಕೂಗು ಬಂದರೆ ಅದೇ ಪದವನ್ನು ಹಲಗೆಯ ಮೇಲೆ ಬರೆಯಿರಿ. ‘ಗುಳ್ಳೆ’, ‘ಅನಿಲ ಬಿಡುಗಡೆ’ ಆಮೇಲೆ ಬರಲಿ. ಕೆರೆಯುವುದೇಕೆ ಎಂದು ಯಾರಾದರೂ ಕೇಳಿದರೆ ಪಾಠ ಸರಿಯಾದ ದಾರಿಯಲ್ಲಿದೆ. ನಿಂಬೆರಸ ದುರ್ಬಲ ಆಮ್ಲ, ಗಟ್ಟಿ ಮೈಮೇಲೆ ಅದರ ಕೆಲಸ ನಿಧಾನ. ಪುಡಿಯಾದಾಗ ಆಮ್ಲಕ್ಕೆ ಸಿಗುವ ಮೇಲ್ಮೈ ಹೆಚ್ಚಾಗುತ್ತದೆ. ಆಮೇಲೆ ಶಿಕ್ಷಕರು ತಮ್ಮ ಮೇಜಿನ ಬಳಿ ಅದೇ ತುಂಡುಗಳಿಗೆ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲದ ಹನಿ ಬಿಟ್ಟು ತೋರಿಸಲಿ. ಫರಸಿ, ಕಡಪ ಎರಡರ ಮೇಲೂ ಬುರುಗು ಜೋರಾಗಿ ಏಳುತ್ತದೆ. ಗ್ರಾನೈಟ್ ಮತ್ತು ಟೈಲಿನ ಹೊಳಪು ಮುಖ ಸುಮ್ಮನಿರುತ್ತವೆ.

ಕಡಪ ಕಲ್ಲು ಮಕ್ಕಳನ್ನು ಬೆರಗುಗೊಳಿಸುತ್ತದೆ. ಕಪ್ಪಗೆ, ಗಟ್ಟಿಯಾಗಿ ಗ್ರಾನೈಟಿನಂತೆಯೇ ಕಾಣುವ ಕಲ್ಲು ಸುಣ್ಣದಕಲ್ಲಿನ ಗುಂಪಿಗೆ ಸೇರುತ್ತದೆ. ಬಣ್ಣ ನೋಡಿ ಜಾತಿ ಹೇಳಲಾಗದು ಎಂಬುದು ಇಲ್ಲಿ ತಾನಾಗಿಯೇ ಬರುತ್ತದೆ. ಅಡುಗೆಮನೆಯ ಕಟ್ಟೆಯ ಮೇಲೆ ನಿಂಬೆಹಣ್ಣು ಕೊಯ್ದ ಜಾಗ, ಹುಣಸೆಹುಳಿ ಹಿಂಡಿದ ಜಾಗ ಯಾಕೆ ಮಂಕಾಗುತ್ತದೆ ಎಂದು ಮಕ್ಕಳು ತಾವೇ ಹೇಳುವವರೆಗೆ ಕಾಯಿರಿ.

ಈಗ ಸಮೀಕರಣ:

ಕ್ಯಾಲ್ಸಿಯಂ ಕಾರ್ಬೋನೇಟ್ + ಹೈಡ್ರೋಕ್ಲೋರಿಕ್ ಆಮ್ಲ → ಕ್ಯಾಲ್ಸಿಯಂ ಕ್ಲೋರೈಡ್ + ನೀರು + ಕಾರ್ಬನ್ ಡೈಆಕ್ಸೈಡ್

ಈ ಸಾಲನ್ನು ಓದಿಸುವಾಗ ಒಂದು ಮಾತು ಒತ್ತಿ ಹೇಳಬೇಕು. ಕ್ಯಾಲ್ಸಿಯಂ ಕ್ಲೋರೈಡ್ ನೀರಿನಲ್ಲಿ ಕರಗುತ್ತದೆ, ತೊಳೆದಾಗ ಚರಂಡಿಗೆ ಹೋಗುತ್ತದೆ. ಅಂದರೆ ಹೋದದ್ದು ಕೊಳೆಯಲ್ಲ, ಕಲ್ಲು. ಪಾಲಿಶ್ ಹೋಗಿ ಮಂಕಾದ ಗುರುತನ್ನು ಎಷ್ಟು ತಿಕ್ಕಿದರೂ ಹೋಗದಿರುವುದು ಅದಕ್ಕೇ: ಅಲ್ಲಿ ಮೇಲೆ ಅಂಟಿದ್ದು ಏನೂ ಇಲ್ಲ, ಮೈಯೇ ಸವೆದಿದೆ. ಅದನ್ನು ಪಾಲಿಶ್ ಯಂತ್ರದವರು ಮತ್ತೆ ತೇಯಬೇಕೇ ಹೊರತು ಸೋಪಿನಿಂದ ಆಗುವ ಕೆಲಸವಲ್ಲ. ಕಲೆ ಮತ್ತು ಸವೆತ ಬೇರೆ ಬೇರೆ ಎಂಬುದನ್ನು ಮನೆ ಶುಚಿ ಮಾಡುವ ಎಷ್ಟೋ ಹಿರಿಯರೂ ಬೇರ್ಪಡಿಸಿ ನೋಡುವುದಿಲ್ಲ.

ಇನ್ನು ಹಲಗೆಯ ಮೂಲೆಯ ಬಿಳಿ ಪೊರೆಗೆ ಬನ್ನಿ. ಬೋರ್‌ವೆಲ್‌ನ ಗಡಸು ನೀರು ಒಣಗಿದಾಗ ಉಳಿಯುವ ಪೊರೆಯಲ್ಲಿ ಮುಖ್ಯವಾಗಿ ಇರುವುದೂ ಕ್ಯಾಲ್ಸಿಯಂ ಕಾರ್ಬೋನೇಟ್. ನಲ್ಲಿಯ ಬುಡದಿಂದ ಕೆರೆದು ತಂದ ಪುಡಿಗೆ ನಿಂಬೆರಸ ಹಾಕಿಸಿದರೆ ಅದೇ ಬುರುಗು. ಈಗ ಕೇಳಿ: ‘ಪೊರೆಯೂ ಸುಣ್ಣದ ವಸ್ತು, ಕೆಳಗಿನ ಫರಸಿಯೂ ಸುಣ್ಣದ ವಸ್ತು. ಪೊರೆ ಎಲ್ಲಿ ಮುಗೀತು, ಕಲ್ಲು ಎಲ್ಲಿಂದ ಶುರುವಾಯ್ತು ಅಂತ ಆಸಿಡ್‌ಗೆ ಹೇಗೆ ಗೊತ್ತಾಗ್ತದೆ?’ ಇಡೀ ಪಾಠದ ತಿರುವು ಈ ಪ್ರಶ್ನೆ. ಇದಕ್ಕೆ ಎರಡು ನಿಮಿಷ ಮೌನ ಬಂದರೂ ಪರವಾಗಿಲ್ಲ. ಪ್ರಶಿಕ್ಷಣಾರ್ಥಿಗಳು ಮೌನಕ್ಕೆ ಹೆದರಿ ಉತ್ತರವನ್ನು ತಾವೇ ಹೇಳಿಬಿಡುತ್ತಾರೆ.

ಎರಡನೆಯ ಅವಧಿ: ಸಂದು, ಹೀರುವಿಕೆ, ಸೀಲರ್

ಟೈಲಿನ ಮುಖಕ್ಕೆ ಆಮ್ಲ ತಾಗಲಿಲ್ಲ ಎಂಬುದನ್ನು ಕಂಡ ಮಕ್ಕಳು ‘ಹಾಗಿದ್ರೆ ಟೈಲಿಗೆ ಆಸಿಡ್ ಹಾಕಬಹುದು’ ಎನ್ನುತ್ತಾರೆ. ತರ್ಕ ಸರಿಯಾಗಿದೆ, ಅರ್ಧ ಮಾತ್ರ. ಟೈಲಿನ ಮುಖ ಗಾಜಿನಂಥ ಲೇಪ. ಆದರೆ ಎರಡು ಟೈಲುಗಳ ನಡುವಿನ ಎರಡು ಮೂರು ಮಿಲಿಮೀಟರ್ ಸಂದಿನಲ್ಲಿರುವುದು ಸಿಮೆಂಟ್. ಮೊದಲೇ ಗಟ್ಟಿ ಮಾಡಿಟ್ಟ ಗ್ರೌಟ್ ಬಿಲ್ಲೆಗಳಲ್ಲಿ ಒಂದನ್ನು ನೀರಿನಲ್ಲಿ, ಇನ್ನೊಂದನ್ನು ವಿನೆಗರಿನಲ್ಲಿ ಹಿಂದಿನ ದಿನವೇ ಮುಳುಗಿಸಿಟ್ಟಿದ್ದರೆ ಈಗ ತೆಗೆದು ಉಗುರಿನಿಂದ ಕೆರೆಯಲು ಹೇಳಿ. ನೀರಿನ ಬಿಲ್ಲೆ ಗಟ್ಟಿ. ವಿನೆಗರಿನ ಬಿಲ್ಲೆಯ ಮೈ ಮೆತ್ತಗಾಗಿ ಪುಡಿ ಉದುರುತ್ತದೆ.

ಗಟ್ಟಿಯಾದ ಸಿಮೆಂಟಿನೊಳಗೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಇರುತ್ತದೆ. ಅದು ಪ್ರತ್ಯಾಮ್ಲ, ಆಮ್ಲದೊಡನೆ ತಟಸ್ಥಗೊಳ್ಳುತ್ತದೆ. ಇದನ್ನು ತೋರಿಸಲು ಹೊಸ ಬಿಲ್ಲೆಯ ಮೇಲೆ ಅರಿಶಿನದ ನೀರು ಹಾಕಿದರೆ ಕೆಂಪಾಗುತ್ತದೆ. ಹೊಸ ಸಂದಿನ ಮೇಲೆ ಬಿದ್ದ ಸಾರಿನ ಕಲೆ ಕುಂಕುಮದ ಬಣ್ಣಕ್ಕೆ ತಿರುಗುವುದೂ ಇದರಿಂದಲೇ. ಶಾಲೆಯ ಹಳೆಯ ಸಂದಿನ ಮೇಲೆ ಇದೇ ಪ್ರಯೋಗ ಮಾಡಿದರೆ ಕೆಂಪಾಗದಿರಬಹುದು. ವರ್ಷಗಳ ಕಾಲ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿದ ಸಿಮೆಂಟಿನ ಮೇಲ್ಪದರ ಕಾರ್ಬೋನೇಟ್ ಆಗಿರುತ್ತದೆ. ಚುರುಕಿನ ತರಗತಿಗೆ ಇದು ಒಳ್ಳೆಯ ಒಗಟು, ಉಳಿದೆಡೆ ಬಿಟ್ಟುಬಿಡಿ.

ಆಸಿಡ್ ತೊಳೆತದ ನಂತರ ಟೈಲು ಫಳಫಳ ಹೊಳೆಯುತ್ತದೆ, ಸಂದು ಸ್ವಲ್ಪ ತಗ್ಗಾಗುತ್ತದೆ. ಮುಂದಿನ ಸಲ ಆ ತಗ್ಗಿನಲ್ಲಿ ಕೊಳೆ ಇನ್ನಷ್ಟು ನಿಲ್ಲುತ್ತದೆ, ಮತ್ತೆ ಆಸಿಡ್. ಕೊನೆಗೆ ನೀರು ಟೈಲಿನ ಕೆಳಗೆ ಇಳಿಯುತ್ತದೆ. ತಟ್ಟಿದರೆ ಪೊಳ್ಳು ಸದ್ದು. ಗೌಂಡಿ ಕೆಲಸದವರ ಮಕ್ಕಳು ತರಗತಿಯಲ್ಲಿದ್ದರೆ ಈ ಸದ್ದಿನ ಕತೆ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ನಾಣ್ಯದಿಂದ ಟೈಲು ತಟ್ಟಿ ನೋಡುವುದನ್ನು ಅವರಿಂದಲೇ ಮಾಡಿಸಿ.

ಹೀರುವಿಕೆಗೆ ಒಂದು ನೀರಿನ ಹನಿ ಸಾಕು. ಟೈಲಿನ ಮುಖ, ಟೈಲಿನ ಬೆನ್ನು, ಫರಸಿ, ಗ್ರಾನೈಟ್, ಗ್ರೌಟ್ ಬಿಲ್ಲೆ ಇವುಗಳ ಮೇಲೆ ಒಂದೊಂದು ಹನಿ ಇಟ್ಟು ಬಾಟಲಿ ಮುಚ್ಚಳ ಮುಚ್ಚಿಸಿ, ಹತ್ತು ನಿಮಿಷ ಬಿಟ್ಟು ತೆಗೆಯಲಿ. ಮುಚ್ಚಳ ಕಡ್ಡಾಯ; ನಮ್ಮ ಬೇಸಿಗೆಯಲ್ಲಿ ಹನಿ ಇಂಗಿತೋ ಆರಿತೋ ಎಂದು ಹೇಳಲಾಗದು. ಹನಿಯ ಕೆಳಗೆ ಕಲ್ಲಿನ ಬಣ್ಣ ಗಾಢವಾಗಿದ್ದರೆ ಹೀರಿದೆ ಎಂದರ್ಥ. ಗೋಡೆ ಟೈಲಿನ ಬೆನ್ನು ನೋಡನೋಡುತ್ತಿದ್ದಂತೆ ಹೀರುತ್ತದೆ. ಲೆಕ್ಕ ಮಾಡಿಸಲು ಬಯಸುವವರು ಒಣ ತುಂಡನ್ನು ತೂಗಿ, ಒಂದು ದಿನ ನೀರಿನಲ್ಲಿಟ್ಟು, ಒರೆಸಿ, ಮತ್ತೆ ತೂಗಿಸಬಹುದು. ಉದಾಹರಣೆಗೆ 200 ಗ್ರಾಂ ತುಂಡು 224 ಗ್ರಾಂ ಆದರೆ ಹೀರುವಿಕೆ ಶೇ 12. ಮಾನದಂಡಗಳ ಪ್ರಕಾರ ವಿಟ್ರಿಫೈಡ್ ಟೈಲಿನ ಹೀರುವಿಕೆ ಶೇ 0.5ನ್ನು ಮೀರುವಂತಿಲ್ಲ, ಸಾಮಾನ್ಯ ಗೋಡೆ ಟೈಲಿನದು ಶೇ 10ಕ್ಕಿಂತ ಹೆಚ್ಚು. ಗೋಡೆಯ ಟೈಲನ್ನು ನೆಲಕ್ಕೆ ಹಾಕಬಾರದೆಂದು ಅಂಗಡಿಯವರು ಹೇಳುವ ಕಾರಣಗಳಲ್ಲಿ ಇದೂ ಒಂದು.

ಹೀರುವ ಮೈಗೆ ಸೀಲರ್ ಬೇಕು. ಅಂಗಡಿಗಳಲ್ಲಿ ಸಿಗುವ ಸೀಲರ್‌ಗಳಲ್ಲಿ ಎರಡು ಜಾತಿ. ಒಂದು ಮೇಲೆ ಪದರವಾಗಿ ಕೂರುತ್ತದೆ, ಮೇಣದ ಹಾಗೆ. ಇನ್ನೊಂದು ರಂಧ್ರಗಳೊಳಗೆ ಇಳಿದು ನೀರು, ಎಣ್ಣೆ ಒಳಹೋಗದಂತೆ ತಡೆಯುತ್ತದೆ. ಮೇಲೆ ಪದರ ಕಾಣುವುದಿಲ್ಲ. ಫರಸಿಯ ತುಂಡಿನ ಮೂರನೇ ಒಂದು ಭಾಗಕ್ಕೆ ಮೇಣದಬತ್ತಿ ಉಜ್ಜಿ, ಇನ್ನೊಂದು ಭಾಗಕ್ಕೆ ಒಳಗಿಳಿಯುವ ಸೀಲರ್ ಹಚ್ಚಿ ಒಣಗಿಸಿ, ಮೂರನೆಯದನ್ನು ಹಾಗೇ ಬಿಡಿ. ಮೊದಲು ನೀರಿನ ಹನಿ: ಮೊದಲ ಎರಡು ಭಾಗಗಳ ಮೇಲೆ ಮುತ್ತಿನಂತೆ ನಿಲ್ಲುತ್ತದೆ. ಆಮೇಲೆ ನಿಂಬೆರಸ: ಮೇಣದ ಭಾಗ ಪಾರಾಗುತ್ತದೆ, ಸೀಲರ್ ಹಚ್ಚಿದ ಭಾಗವೂ ಬರಿಯ ಕಲ್ಲಿನಂತೆಯೇ ಮಂಕಾಗುತ್ತದೆ. ಸೀಲರ್ ರಂಧ್ರವನ್ನು ಕಾಯುತ್ತದೆ, ಕಲ್ಲಿನ ಕಣವನ್ನು ಕಾಯುವುದಿಲ್ಲ. ಹಾಗಾದರೆ ಮೇಣವೇ ಒಳ್ಳೆಯದಲ್ಲವೇ ಎಂದು ಪ್ರಶ್ನೆ ಬರುತ್ತದೆ. ಮೇಣ ನಡೆದಾಟಕ್ಕೆ ಸವೆಯುತ್ತದೆ, ಕೊಳೆ ಹಿಡಿಯುತ್ತದೆ, ಒದ್ದೆಯಾದಾಗ ಜಾರುತ್ತದೆ, ಒಳಗಿನ ತೇವಕ್ಕೆ ಹೊರಬರಲು ದಾರಿ ಕೊಡುವುದಿಲ್ಲ. ಬಚ್ಚಲಿನಲ್ಲಿ ಅದನ್ನು ಹಾಕಿಸುವವರು ಬಿದ್ದವರ ಕಾಲಿಗೆ ಜವಾಬ್ದಾರರು.

ಸೀಲರ್ ಹಚ್ಚುವ ಮುನ್ನ ಮೈ ಶುಚಿಯಾಗಿ, ಪೂರ್ತಿ ಒಣಗಿರಬೇಕು. ಕೊಳೆಯ ಮೇಲೆ ಹಚ್ಚಿದರೆ ಕೊಳೆಯೇ ಭದ್ರವಾಗುತ್ತದೆ. ಹೀರದೆ ಉಳಿದದ್ದನ್ನು ಒಣಗುವ ಮೊದಲೇ ಒರೆಸಬೇಕು. ಮುಂದೆ ಯಾವಾಗ ಹಚ್ಚಬೇಕೆಂದು ಕ್ಯಾಲೆಂಡರ್ ನೋಡುವುದಕ್ಕಿಂತ ನೀರಿನ ಹನಿಯನ್ನೇ ಕೇಳುವುದು ವಾಸಿ. ಹನಿ ಇಂಗತೊಡಗಿದರೆ ಸಮಯವಾಗಿದೆ.

ದಿನನಿತ್ಯದ ಶುಚಿಯನ್ನು ಹತ್ತು ನಿಮಿಷದಲ್ಲಿ ಮುಗಿಸಬಹುದು. ಮೊದಲು ಒಣ ಕಸಬರಿಗೆ, ಯಾಕೆಂದರೆ ಒದ್ದೆ ಬಟ್ಟೆಯಡಿ ಸಿಕ್ಕ ಮರಳು ಕಲ್ಲನ್ನು ಗೀರುತ್ತದೆ. ಆಮೇಲೆ ಸೌಮ್ಯ ಸೋಪಿನ ನೀರು, ನಂತರ ಬರಿ ನೀರು, ಒಣಬಟ್ಟೆ. ಸಂದಿಗೆ ಅಡುಗೆ ಸೋಡಾದ ಪೇಸ್ಟ್ ಮತ್ತು ಹಳೆಯ ಹಲ್ಲುಜ್ಜುವ ಬ್ರಷ್. ಉಕ್ಕಿನ ತಂತಿ ಬೇಡ. ಟೈಲಿನ ಮೇಲಿನ ಉಪ್ಪಿನ ಪೊರೆಗೆ ವಿನೆಗರ್ ಬಳಸಲೇಬೇಕಾದರೆ ಸಂದುಗಳನ್ನು ಮೊದಲು ನೀರಿನಿಂದ ನೆನೆಸಿ, ಅವು ನೀರು ಕುಡಿದಿದ್ದರೆ ಆಮ್ಲ ಕುಡಿಯುವುದು ಕಡಿಮೆ. ಎರಡು ಮೂರು ನಿಮಿಷದಲ್ಲಿ ಚೆನ್ನಾಗಿ ತೊಳೆಯಬೇಕು. ಫರಸಿಯ ಮೇಲಿನ ಪೊರೆಯನ್ನು ಪ್ಲಾಸ್ಟಿಕ್ ಅಥವಾ ಮರದ ಪಟ್ಟಿಯಿಂದ ಮೆಲ್ಲಗೆ ಕೆರೆಯಬೇಕು, ಸೋರುವ ನಲ್ಲಿಯನ್ನು ರಿಪೇರಿ ಮಾಡಿಸಬೇಕು. ಫಿನೈಲ್ ಬಗ್ಗೆ ಮಕ್ಕಳು ಕೇಳಿಯೇ ಕೇಳುತ್ತಾರೆ. ವಾಸನೆ ಬದಲಾಗುತ್ತದೆ, ಪೊರೆ ಹೋಗುವುದಿಲ್ಲ.

ಬಿಡಬಾರದ ಹತ್ತು ನಿಮಿಷ

ಪಾಠಕ್ಕೆ ಸಮಯ ಸಾಲದಿದ್ದರೆ ಸೀಲರ್ ಬಿಡಿ, ಹೀರುವಿಕೆಯ ಲೆಕ್ಕ ಬಿಡಿ. ಇದನ್ನು ಬಿಡಬೇಡಿ. ಇದೇ ಘಟಕದಲ್ಲಿ ಚಲುವೆ ಪುಡಿ ಬರುತ್ತದೆ, ಅದನ್ನು ಒಣ ಸುಣ್ಣ ಮತ್ತು ಕ್ಲೋರಿನ್‌ನಿಂದ ತಯಾರಿಸುವುದನ್ನು ಮಕ್ಕಳು ಓದುತ್ತಾರೆ. ಆ ಪುಡಿಗೆ ಆಮ್ಲ ಬೆರೆತರೆ ಒಳಗಿನ ಕ್ಲೋರಿನ್ ಹೊರಬರುತ್ತದೆ:

ಚಲುವೆ ಪುಡಿ + ಹೈಡ್ರೋಕ್ಲೋರಿಕ್ ಆಮ್ಲ → ಕ್ಯಾಲ್ಸಿಯಂ ಕ್ಲೋರೈಡ್ + ನೀರು + ಕ್ಲೋರಿನ್

ಬಚ್ಚಲಿಗೆ ಬ್ಲೀಚಿಂಗ್ ಪುಡಿ ಚೆಲ್ಲಿ, ‘ಇನ್ನೂ ಚೆನ್ನಾಗಿ ಹೋಗಲಿ’ ಎಂದು ಅದರ ಮೇಲೆ ಆಸಿಡ್ ಸುರಿಯುವುದು ಮನೆ, ಛತ್ರ, ಹಾಸ್ಟೆಲ್‌ಗಳಲ್ಲಿ ನಡೆಯುತ್ತದೆ. ಶೌಚಾಲಯ ತೊಳೆಯುವ ದ್ರವದ ಬಾಟಲಿಯಲ್ಲಿ ಆಮ್ಲವಿದೆ ಎಂದು ಹಲವರಿಗೆ ಗೊತ್ತಿಲ್ಲ. ಖಾಲಿ ಬಾಟಲಿಯ ಲೇಬಲ್ ತಂದು ತರಗತಿಯಲ್ಲಿ ಓದಿಸಿ. ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ನೆಲದ ಮಟ್ಟದಲ್ಲೇ ಉಳಿಯುತ್ತದೆ. ಬಚ್ಚಲು ತಿಕ್ಕುವವರು ಕುಕ್ಕುರುಗಾಲಿನಲ್ಲಿ ಕೂತಿರುತ್ತಾರೆ, ಮೂಗು ಇರುವುದೂ ಅದೇ ಮಟ್ಟದಲ್ಲಿ. ಈ ಮಾತನ್ನು ಹೇಳಿ ಸುಮ್ಮನಾಗಿ. ತರಗತಿ ತಾನೇ ಅರ್ಥ ಮಾಡಿಕೊಳ್ಳುತ್ತದೆ. ಈ ವರ್ತನೆಯನ್ನು ಪ್ರಯೋಗವಾಗಿ ತೋರಿಸಬೇಡಿ, ಚಿಟಿಕೆಯಷ್ಟು ಕೂಡ ಬೇಡ. ಗಾಟು ಬಂದರೆ ತೊಳೆಯಲು ನಿಲ್ಲದೆ ಹೊರಗೆ ಗಾಳಿಗೆ ಬರಬೇಕು, ಕೆಮ್ಮು ನಿಲ್ಲದಿದ್ದರೆ ವೈದ್ಯರಲ್ಲಿಗೆ ಹೋಗಬೇಕು. ಆಮ್ಲ ಮೈಗೆ ಬಿದ್ದರೆ ಹರಿಯುವ ನೀರಿನಲ್ಲಿ ತುಂಬಾ ಹೊತ್ತು ತೊಳೆಯಬೇಕು.

ಈ ಪಾಠ ಶಾಲೆಯ ಶೌಚಾಲಯವನ್ನು ಮಕ್ಕಳಿಂದ ತೊಳೆಸುವುದಕ್ಕೆ ನೆಪವಾಗಕೂಡದು. ‘ಪ್ರಾಯೋಗಿಕ ಚಟುವಟಿಕೆ’ ಎಂಬ ಹೆಸರಿನಲ್ಲೂ ಕೂಡದು. ಅಂಥ ಕೆಲಸ ಹಂಚುವಾಗ ಯಾವ ಮಕ್ಕಳ ಹೆಸರು ಮೊದಲು ಬರುತ್ತದೆ ಎಂಬುದು ನಮಗೆಲ್ಲ ಗೊತ್ತು. ‘ಯಾರ ಮನೆಯವರು ಶುಚಿ ಕೆಲಸ ಮಾಡ್ತಾರೆ, ಕೈ ಎತ್ತಿ’ ಎಂದೂ ಕೇಳಬೇಡಿ. ಚೂರುಗಳು ಮೇಜಿನ ಮೇಲೆ ಇರಲಿ, ಎಲ್ಲ ಮಕ್ಕಳೂ ಹನಿ ಹಾಕಲಿ. ಕಲ್ಲಿನ ಗಣಿಯದೋ ಗೌಂಡಿ ಕೆಲಸದದೋ ಅನುಭವವನ್ನು ಮಗು ತಾನಾಗಿ ಹೇಳಿದರೆ ಅದು ತರಗತಿಯ ಸಂಪತ್ತು, ಹಾಗೆಂದೇ ಕೇಳಿಸಿಕೊಳ್ಳಿ.

ಬೇರೆ ಜಿಲ್ಲೆಗಳಲ್ಲಿ

ಫರಸಿ ಇಲ್ಲದ ಕಡೆ ಚೂರುಗಳು ಬದಲಾಗುತ್ತವೆ, ಪ್ರಶ್ನೆಗಳು ಬದಲಾಗುವುದಿಲ್ಲ. ಹಳೆ ಮೈಸೂರು ಕಡೆಯ ಕೆಂಪು ನೆಲ ಸಿಮೆಂಟ್ ಮತ್ತು ಕಬ್ಬಿಣದ ಆಕ್ಸೈಡ್‌ನದು. ಆದ್ದರಿಂದ ಅಲ್ಲಿ ಇಡೀ ನೆಲವೇ ಸಂದು ಇದ್ದ ಹಾಗೆ. ಕರಾವಳಿಯಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಶುರುಮಾಡಿದ ಹೆಂಚಿನ ಉದ್ಯಮದಿಂದ ಬಂದ ಸುಟ್ಟ ಮಣ್ಣಿನ ಬಿಲ್ಲೆಗಳು ಹಳೆಯ ಮನೆಗಳ ನೆಲದಲ್ಲಿವೆ. ಅವು ಆಮ್ಲಕ್ಕೆ ಬುರುಗು ಬಿಡುವುದಿಲ್ಲ, ಆದರೆ ಎಣ್ಣೆಯನ್ನು ಬೇಗ ಹೀರುತ್ತವೆ. ಅಲ್ಲಿ ಪಾಠದ ತೂಕ ಹನಿಯ ಪರೀಕ್ಷೆಯಿಂದ ಹೀರುವಿಕೆಗೆ ಸರಿಯಬೇಕು.

ಮೌಲ್ಯಮಾಪನ

ಸಮೀಕರಣ ಬರೆಸುವ ಪ್ರಶ್ನೆ ಒಂದಿರಲಿ. ಉಳಿದವು ಹೀಗಿರಬಹುದು. ‘ಕಪ್ಪು ಕಲ್ಲಿನ ಕಟ್ಟೆ ಇರುವ ಮನೆಗೆ ಹೋಗಿದ್ದೀರಿ. ಅದು ಗ್ರಾನೈಟೋ ಕಡಪವೋ ಎಂದು, ಕಾಣುವ ಮೈಯನ್ನು ಹಾಳು ಮಾಡದೆ ಹೇಗೆ ತಿಳಿಯುವಿರಿ?’ ಕಟ್ಟೆಯ ಕೆಳಗಿನ ಒರಟು ಅಂಚಿನಲ್ಲಿ ಕೆರೆದು ಹನಿ ಹಾಕುತ್ತೇನೆ ಎಂದವರಿಗೆ ಪೂರ್ಣ ಅಂಕ. ‘ಸೀಲರ್ ಹಚ್ಚಿಸಿದ ಮೇಲೂ ನಿಂಬೆಯ ಗುರುತು ಬಿತ್ತೆಂದು ಅಂಗಡಿಯವನೊಡನೆ ಜಗಳವಾಗಿದೆ; ಯಾರ ಮಾತು ಸರಿ?’ ಇದಕ್ಕೆ ಕಲ್ಲು ಯಾವುದೆಂದು ಮೊದಲು ತಿರುಗಿ ಕೇಳುವ ಮಗು ಉತ್ತರ ಬರೆದವರಿಗಿಂತ ಮುಂದಿದೆ, ಅಂಕಪಟ್ಟಿಯಲ್ಲಿ ಅದಕ್ಕೊಂದು ಜಾಗ ಇಟ್ಟುಕೊಳ್ಳಿ. ಮೂರನೆಯದು ಮನೆಗೆಲಸ: ಬಚ್ಚಲಲ್ಲಿ ಇರುವ ಬಾಟಲಿಗಳ ಲೇಬಲ್ ಓದಿ, ಆಮ್ಲ ಇರುವವು ಮತ್ತು ಬ್ಲೀಚ್ ಇರುವವು ಎಂದು ಎರಡು ಪಟ್ಟಿ ಮಾಡಿ, ಮನೆಯವರಿಗೆ ತೋರಿಸಿ ಸಹಿ ಹಾಕಿಸಿಕೊಂಡು ಬರುವುದು. ಓದು ಬಾರದ ಮನೆಗಳಲ್ಲಿ ಸಹಿಯ ಬದಲು, ಬಾಟಲಿಗಳನ್ನು ಬೇರೆ ಬೇರೆ ಗೂಡಿನಲ್ಲಿ ಇಟ್ಟೆವು ಎಂದು ಮಗು ಬಂದು ಹೇಳಿದರೂ ನಡೆಯುತ್ತದೆ.